ಬಡಾವಣೆ ಫುಟ್‌ಬಾಲ್ ಕ್ಲಬ್‌ನ ಇತಿಹಾಸ ಕಟ್ಟಿದ್ದು ಹೀಗೆ

ಬೆಂಗಳೂರು ದಂಡಿನ ಕಡೆಯ ಯಾವುದೇ ಫುಟ್‌ಬಾಲ್ ಕ್ಲಬ್ ಹುಟ್ಟಿದ ವರ್ಷ ಕೇಳಿ, ಪ್ರತಿ ಹಿರಿಯರೂ ಒಂದೊಂದು ಇಸವಿ ಹೇಳುತ್ತಾರೆ. ನಮ್ಮ ಬಡಾವಣೆಯ ಕ್ಲಬ್‌ನ ಇತಿಹಾಸ ಬರೆಯುವಾಗ ನಾವು ಇಟ್ಟುಕೊಂಡ ನಿಯಮ ಒಂದೇ: ಬಾಯಿಮಾತಿನ ಇಸವಿಗೆ ಕೈಗೆ ಸಿಗುವ ಸಾಕ್ಷಿ ಬೇಕು.

ನೋಂದಣಿ ಪತ್ರ ಸುಲಭವಾಗಿ ಸಿಗುತ್ತದೆ, ದಾರಿ ತಪ್ಪಿಸುವುದೂ ಅದೇ. ಅದರಲ್ಲಿರುವುದು ಸಂಘ ಕಾಗದಕ್ಕೆ ಬಂದ ದಿನ. ತಂಡ ಅದಕ್ಕೂ ಎಷ್ಟೋ ಮೊದಲೇ ಮೈದಾನಕ್ಕಿಳಿದಿರಬಹುದು. ಹಾಗಾಗಿ ‘ಸ್ಥಾಪನೆ’, ‘ನೋಂದಣಿ’ ಎಂದು ಎರಡು ಸಾಲು ಬರೆದೆವು.

ಹಳೆಯ ಪತ್ರಗಳಲ್ಲಿ ಆರಂಕಿಯ ಪಿನ್‌ಕೋಡ್ ಹುಡುಕಿ. ಅದು ಬಂದದ್ದು 1972ರ ಆಗಸ್ಟ್ 15ರಂದು. ಇದ್ದರೆ ಪತ್ರ ಅದಕ್ಕಿಂತ ಹಳೆಯದಲ್ಲ. ಇಲ್ಲದಿದ್ದರೆ ಏನೂ ಹೇಳಲಾಗದು. ‘ಮೈಸೂರು ರಾಜ್ಯ’ ಎಂಬ ತಲೆಬರಹವನ್ನೂ ಹೀಗೇ ಅನುಮಾನದಿಂದ ನೋಡಬೇಕು. ರಾಜ್ಯದ ಹೆಸರು ಬದಲಾದದ್ದು 1973ರ ನವೆಂಬರ್ 1ರಂದು, ಆದರೆ ಅಚ್ಚಾದ ಲೆಟರ್‌ಹೆಡ್ಡನ್ನು ಮುಗಿಯುವ ತನಕ ಯಾರೂ ಬಿಸಾಡುವುದಿಲ್ಲ.

ಫೋಟೊದಲ್ಲಿ ಬರಿಗಾಲು ಕಂಡ ತಕ್ಷಣ ‘ನಲವತ್ತರ ದಶಕ’ ಎಂದುಬಿಡುವವರಿದ್ದಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದು ನಿಜ. ಅಂದು ನಮ್ಮ ಏಕೈಕ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಆದರೆ ಗಲ್ಲಿ ಹುಡುಗರ ಕಾಲಿಗೆ ಬೂಟು ಬಂದದ್ದು ಕೈಯಲ್ಲಿ ಕಾಸು ಬಂದ ಮೇಲೆ. ಕಾಲಿಗಿಂತ ಚೆಂಡು ನೋಡುವುದು ಮೇಲು: ಕಪ್ಪು-ಬಿಳಿ ತುಂಡುಗಳ ಚೆಂಡು ಎಲ್ಲೆಡೆ ಹರಡಿದ್ದು 1970ರ ವಿಶ್ವಕಪ್ ನಂತರ.

ಟ್ರೋಫಿಗಳನ್ನು ದಯವಿಟ್ಟು ಹೊಳಪಿಗಾಗಿ ಉಜ್ಜಬೇಡಿ, ಬೆಳ್ಳಿ ಲೇಪದ ಜೊತೆ ಅಕ್ಷರವೂ ಸವೆಯುತ್ತದೆ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟರೆ ಮಾಸಿದ ಕೆತ್ತನೆ ಎದ್ದು ಕಾಣುತ್ತದೆ. ಆಗಲೂ ಓದಲಾಗದಿದ್ದರೆ ತೆಳು ಕಾಗದ ಹಿಡಿದು ಮೃದು ಪೆನ್ಸಿಲ್ ಮೆಲ್ಲಗೆ ಆಡಿಸಿ.

ಫೋಟೊಗಳನ್ನು 600 ಡಿಪಿಐಯಲ್ಲಿ, ಹಿಂಬದಿಯನ್ನೂ ಸೇರಿಸಿ ಸ್ಕ್ಯಾನ್ ಮಾಡಿದೆವು. ಸ್ಟುಡಿಯೊ ಮುದ್ರೆ ಇರುವುದು ಅಲ್ಲೇ. ಅಂಟು ಹಾಳೆಯ ಆಲ್ಬಮ್‌ನಿಂದ ಫೋಟೊ ಕಿತ್ತರೆ ಹರಿಯುತ್ತದೆ, ಹಲ್ಲುಜ್ಜುವ ಫ್ಲಾಸ್ ದಾರವನ್ನು ಅಡಿಯಲ್ಲಿ ಎಳೆದು ಬಿಡಿಸಬೇಕು.

ಹಿರಿಯರನ್ನು ‘ಯಾವ ಇಸವಿ ಸಾರ್?’ ಎಂದು ಕೇಳಿ ಪ್ರಯೋಜನವಿಲ್ಲ. ‘ಸಂತೋಷ್ ಟ್ರೋಫಿ ಗೆದ್ದ ವರ್ಷಕ್ಕೆ ಮುಂಚೆಯೋ ಆಮೇಲೋ?’ ಎಂದರೆ ಸರಿಯಾಗಿ ಹೇಳುತ್ತಾರೆ. ರಾಜ್ಯ ತಂಡಗಳ ನಡುವಿನ ಈ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಯನ್ನು ಮೈಸೂರು ಗೆದ್ದದ್ದು 1946–47, 1952–53, 1967–68, 1968–69ರಲ್ಲಿ. ಗುಂಪು ಫೋಟೊದ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಮುಖಗಳಿಗೆ ಸಂಖ್ಯೆ ಕೊಟ್ಟು, ಇಬ್ಬರಿಗಾದರೂ ಬೇರೆಬೇರೆಯಾಗಿ ತೋರಿಸಿ. ಒಟ್ಟಿಗೆ ಕೂರಿಸಿದರೆ ಜೋರು ದನಿಯವರು ಹೇಳಿದ್ದೇ ಇತಿಹಾಸ! ತಮಿಳು, ಉರ್ದು, ಕನ್ನಡದ ಮನೆಗಳು ಬೆರೆತ ಬೀದಿಗಳಲ್ಲಿ ಅಡ್ಡಹೆಸರನ್ನೂ ಬರೆದುಕೊಳ್ಳಬೇಕು. ಒಬ್ಬನೇ ಆಟಗಾರ ಮೂರು ಹೆಸರಲ್ಲಿ ಸಿಗುತ್ತಾನೆ.

ಜಗಳ ಜಾಸ್ತಿ ಜರ್ಸಿ ಬಣ್ಣದ ಮೇಲೆ. ಕಪ್ಪು-ಬಿಳುಪು ಫೋಟೊದಲ್ಲಿ ಕಡುಗೆಂಪೂ ಕಡುನೀಲಿಯೂ ಒಂದೇ ಥರ ಕಾಣುತ್ತವೆ. ಖರ್ಚಿನ ಪುಸ್ತಕದಲ್ಲಿ ಬಟ್ಟೆ ಅಂಗಡಿಯ ಬಿಲ್ ಹುಡುಕಿ. ಅದು ಸಿಗದಿದ್ದರೆ ಬಣ್ಣದ ಸಾಲನ್ನು ಖಾಲಿ ಬಿಡಿ.