ಸಣ್ಣ ಕೊರವ ಮೀನಿಗೆ ಸಣ್ಣ ಎರೆ

ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಬಸಿನೀರು ನಿಲ್ಲುವ ಹೊಂಡಗಳಲ್ಲಿ ಗೇಣುದ್ದದ ಕೊರವ ಮೀನುಗಳಿಗೆ ಬರವಿಲ್ಲ. ಆದರೆ ಅಂಗಡಿಯ ರಬ್ಬರ್ ಕಪ್ಪೆಯನ್ನು ಎರೆಯಾಗಿ ಎಸೆದರೆ ಬೆನ್ನಟ್ಟಿ ಬರುತ್ತವೆ, ಅದರ ಕಾಲು ಕಚ್ಚಿ ಬಿಡುತ್ತವೆ, ಗಾಳಕ್ಕೆ ಮಾತ್ರ ಸಿಗುವುದಿಲ್ಲ.

ಕಾರಣ ಹೊಂಡದ ಅಂಚಿನಲ್ಲೇ ಇತ್ತು. ಅಲ್ಲಿ ಅವು ತಿನ್ನುತ್ತಿದ್ದುದು ಬೆರಳ ಗೆಣ್ಣಿನಷ್ಟು ಮರಿಮೀನು, ಸಿಗಡಿ. ನಾನು 3 ಸೆಂಟಿಮೀಟರ್ ಉದ್ದದ ಮೆತ್ತನೆಯ ಪ್ಲಾಸ್ಟಿಕ್ ಮೀನು ತಂದು, 2 ಗ್ರಾಂ ತೂಕದ ಸೀಸದ ತಲೆಯಿರುವ ಗಾಳಕ್ಕೆ ಪೋಣಿಸಿದೆ. ಗಾಳದ ಮೊನೆ ಬಾಲದ ಹತ್ತಿರ ಹೊರಬರಬೇಕು, ಅದೇ ಮುಖ್ಯ. ಆಗ ಬಾಲ ಕಚ್ಚಿದರೂ ಸಿಕ್ಕಿಬೀಳುತ್ತದೆ. ಇಷ್ಟು ಹಗುರವಾದ ಎರೆ ದಪ್ಪ ದಾರದಲ್ಲಿ ದೂರ ಹೋಗದು, ಹಾಗಾಗಿ ತೆಳು ದಾರ ಸುತ್ತಿದೆ. ರಾಡಿ ನೀರಿಗೆ ಕಪ್ಪು ಎರೆ, ತಿಳಿನೀರಿಗೆ ಬೆಳ್ಳಿ ಬಣ್ಣದ್ದು. ನಿಧಾನವಾಗಿ ಎಳೆದು ಜೊಂಡಿನ ಬುಡದಲ್ಲಿ ಕ್ಷಣಕಾಲ ನಿಲ್ಲಿಸಿದರೆ ಟಕ್ಕನೆ ಹಿಡಿಯುತ್ತದೆ. ಆ ಎಳೆತದ ಸುಖವೇ ಬೇರೆ!

ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ಕಂಡರೆ ದಯವಿಟ್ಟು ಅಲ್ಲಿ ಗಾಳ ಎಸೆಯಬೇಡಿ. ತಂದೆತಾಯಿ ಮೀನುಗಳು ಕಾವಲಿರುತ್ತವೆ, ಮರಿಗಳನ್ನು ಕಾಯಲೆಂದೇ ಕಚ್ಚುತ್ತವೆ. ಅವನ್ನು ಹಿಡಿದರೆ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ.