ದಿಲ್ಲಿ ಸುದ್ದಿ ಯಾರ ಮೇಜಿಗೆ ಬಂತು? ತಾಲ್ಲೂಕು ಸುದ್ದಿತಾಣ ನಡೆಸುವವರಿಗೆ ಕೆಲಸದ ಟಿಪ್ಪಣಿ

ಸಂಸತ್ತಿನಲ್ಲಿ ಏನಾಯಿತೆಂದು ತಿಳಿಯಲು ಶಿರಾದ ಓದುಗರು ಶಿರಾದ ಸುದ್ದಿತಾಣಕ್ಕೆ ಬರುವುದಿಲ್ಲ. ಅಷ್ಟರೊಳಗೆ ಆ ಸುದ್ದಿ ಟಿವಿ, ವಾಟ್ಸಾಪ್ ಎಲ್ಲ ಸುತ್ತಿ ಹಳತಾಗಿರುತ್ತದೆ. ಏಜೆನ್ಸಿ ಕಾಪಿಯನ್ನೇ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ದಿನಕ್ಕೆ ನಲವತ್ತು ಸುದ್ದಿ ಏರಿಸುವ ತಾಣಗಳು ಓದುಗರಿಲ್ಲದೆ ಸೊರಗುವುದು ಇದಕ್ಕೇ. ಹಾಗೆಂದು ರಾಷ್ಟ್ರೀಯ ಸುದ್ದಿಯನ್ನು ಕೈಬಿಡುವಂತೆಯೂ ಇಲ್ಲ. ರಸಗೊಬ್ಬರದ ದಾಸ್ತಾನು, ರೈಲು ನಿಲುಗಡೆ, ಆಸ್ಪತ್ರೆಯ ಕಾರ್ಡು, ಎಲ್ಲದರ ಇನ್ನೊಂದು ತುದಿ ದಿಲ್ಲಿಯಲ್ಲಿದೆ. ಆ ಸುದ್ದಿ ನಿಮ್ಮ ತಾಲ್ಲೂಕಿನಲ್ಲಿ ಯಾವ ಅಧಿಕಾರಿಯ ಮೇಜಿಗೆ ಬಂದು ನಿಲ್ಲುತ್ತದೆ ಎಂದು ಹುಡುಕುವುದೇ ಕೆಲಸ.

ಮೊದಲು ಒಂದು ಹಾಳೆ

ತಾಣದ ಬಣ್ಣ, ಲೋಗೊ ಆಮೇಲೆ ನೋಡಿಕೊಳ್ಳಿ. ಮೊದಲು ಒಂದು ಸ್ಪ್ರೆಡ್‌ಶೀಟ್ ತೆರೆದು ಗ್ರಾಮ ಪಂಚಾಯಿತಿಗೊಂದರಂತೆ ಸಾಲು ಹಾಕಿ. ಹೋಬಳಿ, ವಿಧಾನಸಭಾ ಕ್ಷೇತ್ರ, ಲೋಕಸಭಾ ಕ್ಷೇತ್ರ, ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿನ ವೈದ್ಯಾಧಿಕಾರಿ ಹುದ್ದೆ ತುಂಬಿದೆಯೋ ಖಾಲಿಯೋ, ಕಚೇರಿಯ ಫೋನ್: ಇಷ್ಟು ಕಾಲಂ ಸಾಕು. ಎರಡು ದಿನದ ಕೆಲಸ, ವರ್ಷಗಟ್ಟಲೆ ಉಪಯೋಗ.

ಲೋಕಸಭಾ ಕ್ಷೇತ್ರದ ಕಾಲಂ ಅನ್ನು ನೆನಪಿನಿಂದ ತುಂಬಬೇಡಿ. ಜಿಲ್ಲೆಯ ಗಡಿಯೂ ಕ್ಷೇತ್ರದ ಗಡಿಯೂ ಒಂದೇ ಅಲ್ಲ. ಬೈಂದೂರು ಉಡುಪಿ ಜಿಲ್ಲೆಯದು, ಸಂಸದರು ಮಾತ್ರ ಶಿವಮೊಗ್ಗದವರು. ತುಮಕೂರು ಜಿಲ್ಲೆಯ ಶಿರಾ, ಪಾವಗಡ ಚಿತ್ರದುರ್ಗ ಕ್ಷೇತ್ರಕ್ಕೆ, ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ ಸೇರಿವೆ. ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರು ಉತ್ತರ ಕನ್ನಡ ಕ್ಷೇತ್ರದಲ್ಲಿವೆ, ಕಡೂರು ಹಾಸನದಲ್ಲಿ. ‘ನಮ್ಮ ಸಂಸದರು ಏಕೆ ಬಾಯಿ ಬಿಡಲಿಲ್ಲ’ ಎಂದು ತಪ್ಪು ಸಂಸದರ ಫೋಟೊ ಹಾಕಿ ಬರೆದರೆ, ತಿದ್ದುವ ಹೊತ್ತಿಗೆ ಸ್ಕ್ರೀನ್‌ಶಾಟ್ ಊರು ಸುತ್ತಿರುತ್ತದೆ.

ಬೆಳಗಿನ ಮುಕ್ಕಾಲು ಗಂಟೆ

ದಿನಕ್ಕೆ ಇಷ್ಟೇ ಸಮಯ ಇಡಿ. ಪತ್ರಿಕಾ ಮಾಹಿತಿ ಕಾರ್ಯಾಲಯದ, ಅಂದರೆ ಪಿಐಬಿಯ ಪ್ರಕಟಣೆಗಳನ್ನು ಫೀಡ್ ರೀಡರ್‌ಗೆ ಹಾಕಿಕೊಳ್ಳಿ. ಆಯ್ದವು ಕನ್ನಡದಲ್ಲೂ ಸಿಗುತ್ತವೆ. ಸರ್ಕಾರ ಏನು ಹೇಳಿತು ಎಂಬುದಕ್ಕೆ ಅದು ಮೂಲ ದಾಖಲೆ, ಆದದ್ದೇನು ಎಂಬುದಕ್ಕಲ್ಲ.

ಜಿಲ್ಲೆ, ತಾಲ್ಲೂಕಿನ ವರದಿಗಾರರು ಕಡಿಮೆ ಬಳಸುವ ಗಣಿ ಸಂಸತ್ತಿನ ಪ್ರಶ್ನೋತ್ತರ. ಅಧಿವೇಶನದ ದಿನಗಳಲ್ಲಿ ಲೋಕಸಭೆಯೊಂದರಲ್ಲೇ ದಿನಕ್ಕೆ 20 ಚುಕ್ಕೆ ಗುರುತಿನ (ಸದನದಲ್ಲಿ ಬಾಯಿಮಾತಿನ ಉತ್ತರದ), 230 ಚುಕ್ಕೆ ಗುರುತಿಲ್ಲದ (ಲಿಖಿತ ಉತ್ತರದ) ಪ್ರಶ್ನೆಗಳಿಗೆ ಉತ್ತರ ಬರುತ್ತದೆ. ಆರೋಗ್ಯ ಸಚಿವಾಲಯದ ಸರದಿ ಲೋಕಸಭೆಯಲ್ಲಿ ಶುಕ್ರವಾರ, ರಾಜ್ಯಸಭೆಯಲ್ಲಿ ಮಂಗಳವಾರ. ಸಂಸತ್ತಿನ ತಾಣದಲ್ಲಿ ನಿಮ್ಮ ಸಂಸದರ ಹೆಸರು ಕೊಟ್ಟು ಹುಡುಕಿ. ಪಿಡಿಎಫ್‌ನ ಮೊದಲ ಪುಟದ ಮಾತನ್ನು ದಾಟಿ ಕೊನೆಯ ಅನುಬಂಧಕ್ಕೆ ಹೋಗಿ. ರಾಜ್ಯವಾರು, ಒಮ್ಮೊಮ್ಮೆ ಜಿಲ್ಲಾವಾರು ಪಟ್ಟಿ ಇರುವುದು ಅಲ್ಲಿ.

ಜಿಲ್ಲೆಯಲ್ಲೇ ಕೇಂದ್ರ ಯೋಜನೆಗಳ ಲೆಕ್ಕ ಬಾಯಿಬಿಡುವ ಸಭೆ ‘ದಿಶಾ’. ಸಂಸದರ ಅಧ್ಯಕ್ಷತೆ, ಮೂರು ತಿಂಗಳಿಗೊಮ್ಮೆ ನಡೆಯಬೇಕಾದ್ದು. ಭಾಷಣ ಬರೆದುಕೊಂಡು ಬರಬೇಡಿ, ಸದಸ್ಯರಿಗೆ ಹಂಚುವ ಪ್ರಗತಿ ವರದಿಯ ಪ್ರತಿ ಕೇಳಿ ಪಡೆಯಿರಿ.

ಸುದ್ದಿ ಕೈಗೆ ಬಂದ ಮೇಲೆ ಮೂರೇ ಪ್ರಶ್ನೆ: ನಮ್ಮಲ್ಲಿ ಯಾರಿಗೆ? ಯಾವ ಕಚೇರಿಯಲ್ಲಿ? ಯಾವತ್ತಿನಿಂದ? ಮೂರಕ್ಕೂ ಉತ್ತರವಿಲ್ಲವೆಂದರೆ ಅದನ್ನು ನೀವು ಬರೆಯಬೇಕಿಲ್ಲ.

ಮೂರನೆಯದರಲ್ಲೇ ಹೆಚ್ಚು ಜನ ಜಾರುವುದು. 70 ವರ್ಷ ದಾಟಿದ ಎಲ್ಲರಿಗೂ ಆಯುಷ್ಮಾನ್ ವಿಮೆ ಎಂಬ ನಿರ್ಧಾರಕ್ಕೆ ಕೇಂದ್ರ ಸಂಪುಟ ಒಪ್ಪಿದ್ದು 2024ರ ಸೆಪ್ಟೆಂಬರ್ 11ರಂದು; ಪ್ರಧಾನಿ ಚಾಲನೆ ಕೊಟ್ಟದ್ದು ಅಕ್ಟೋಬರ್ 29ರಂದು. ಆದರೆ ನಮ್ಮಲ್ಲಿ ಯೋಜನೆ ನಡೆಯುವುದು ರಾಜ್ಯದ ‘ಆರೋಗ್ಯ ಕರ್ನಾಟಕ’ದ ಜೊತೆ ಬೆರೆತು: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ಗೆ ಪ್ಯಾಕೇಜ್ ದರದ ಶೇ 30ರಷ್ಟು, ಗರಿಷ್ಠ 1.5 ಲಕ್ಷ. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ದಿಲ್ಲಿಯ ಘೋಷಣೆ, ಬೆಂಗಳೂರಿನ ಆದೇಶ, ಆಸ್ಪತ್ರೆಯ ಕೌಂಟರ್ ಮೂರೂ ಬೇರೆ ಬೇರೆ. ‘ಇಂದಿನಿಂದ ಉಚಿತ’ ಎಂದು ಶೀರ್ಷಿಕೆ ಕೊಡುವ ಮುನ್ನ ತಾಲ್ಲೂಕು ಆಸ್ಪತ್ರೆಯಲ್ಲಿ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರರಿಗೆ ಒಂದು ಫೋನ್ ಮಾಡಿ. ಅವರು ‘ಆದೇಶ ಬಂದಿಲ್ಲ’ ಎಂದರೆ ಅದೇ ನಿಮ್ಮ ಸುದ್ದಿ.

ಆರೋಗ್ಯದ ಸುದ್ದಿ: ನಿಧಾನವೇ ಮೇಲು

2025ರ ಜನವರಿ 6ರಂದು ಬೆಂಗಳೂರಿನಲ್ಲಿ ಎರಡು ಎಚ್‌ಎಂಪಿವಿ (ಉಸಿರಾಟದ ಸೋಂಕು ತರುವ ವೈರಸ್) ಪ್ರಕರಣ ಪತ್ತೆಯಾಗಿದೆ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಹೇಳಿತು. ಮೂರು ತಿಂಗಳ ಕೂಸು, ಎಂಟು ತಿಂಗಳ ಕೂಸು. ಮಧ್ಯಾಹ್ನದೊಳಗೆ ‘ಚೀನಾ ವೈರಸ್ ರಾಜ್ಯಕ್ಕೆ ಲಗ್ಗೆ’ ಎಂಬ ಸಾಲುಗಳು ಎಲ್ಲೆಡೆ. ಪ್ರಕಟಣೆಯನ್ನು ಪೂರ್ತಿ ಓದಿದವರಿಗೆ ಕಾಣುತ್ತಿದ್ದುದು ಬೇರೆ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ ಎಂದಿನ ಕಣ್ಗಾವಲಿನಲ್ಲಿ ಸಿಕ್ಕ ಪ್ರಕರಣಗಳು, ಮಕ್ಕಳಿಗೆ ವಿದೇಶ ಪ್ರಯಾಣದ ಹಿನ್ನೆಲೆಯಿಲ್ಲ, ವೈರಸ್ ಮೊದಲೇ ಭಾರತದಲ್ಲೂ ಹರಿದಾಡುತ್ತಿದೆ. ಅದನ್ನು ಗುರುತಿಸಿದ್ದೇ 2001ರಲ್ಲಿ.

ಇಂಥ ದಿನ ತಾಲ್ಲೂಕು ತಾಣ ಏನು ಬರೆಯಬೇಕು? ತಾಲ್ಲೂಕು ಆರೋಗ್ಯಾಧಿಕಾರಿಗೆ ಕೇಳಿ: ಈ ವಾರ ತೀವ್ರ ಉಸಿರಾಟದ ತೊಂದರೆಯಿಂದ, ಅಂದರೆ ‘ಸಾರಿ’ ಎಂದು ದಾಖಲಾದವರು ಎಷ್ಟು, ಕಳೆದ ವರ್ಷ ಇದೇ ವಾರ ಎಷ್ಟು? ಮಕ್ಕಳ ತಜ್ಞರ ಹುದ್ದೆ ಭರ್ತಿಯಿದೆಯೇ? ಮಕ್ಕಳಿಗೆ ಆಮ್ಲಜನಕದ ಹಾಸಿಗೆ ಎಷ್ಟು, ಪೈಪ್‌ಲೈನೋ ಸಿಲಿಂಡರೋ? ನಾಲ್ಕು ಉತ್ತರದಲ್ಲಿ ನಿಮ್ಮ ಸುದ್ದಿ ಸಿದ್ಧ. ವೈರಸ್ ಬರಲಿ ಬಿಡಲಿ, ಹಾಸಿಗೆಯ ಲೆಕ್ಕ ಹಳಸುವುದಿಲ್ಲ.

ಡೆಂಗಿ ಅಂಕಿಯಲ್ಲಿ ಜಗಳ ತಪ್ಪಿದ್ದಲ್ಲ. ಖಾಸಗಿ ಲ್ಯಾಬಿನವರು 60 ಎನ್ನುತ್ತಾರೆ, ಇಲಾಖೆ 14 ಎನ್ನುತ್ತದೆ. ‘ಪ್ರಕರಣ ಮುಚ್ಚಿಟ್ಟ ಇಲಾಖೆ’ ಎಂದು ಬರೆಯಲು ಕೈ ತುರಿಸುತ್ತದೆ. ತಡೆಯಿರಿ. ಇಲಾಖೆ ‘ದೃಢ’ ಎಂದು ಎಣಿಸುವುದು ಪ್ರಯೋಗಾಲಯದಲ್ಲಿ ರಕ್ತದ ಮಾದರಿಗೆ ಮಾಡುವ ಎಲೈಸಾ ವಿಧಾನದ ಪರೀಕ್ಷೆಯನ್ನು. ಜ್ವರದ ಮೊದಲ ಐದು ದಿನಕ್ಕೆ ಎನ್‌ಎಸ್‌1, ಆಮೇಲೆ ಐಜಿಎಂ (ಮೊದಲನೆಯದು ವೈರಸ್ಸಿನ ಅಂಶವನ್ನು, ಎರಡನೆಯದು ದೇಹದ ಪ್ರತಿಕಾಯವನ್ನು ಹುಡುಕುತ್ತದೆ). ಲ್ಯಾಬಿನಲ್ಲಿ ಕಾರ್ಡ್ ಮೇಲೆ ಹತ್ತು ನಿಮಿಷದಲ್ಲಿ ಗೆರೆ ತೋರಿಸುವ ರ‍್ಯಾಪಿಡ್ ಟೆಸ್ಟ್ ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಎರಡೂ ಅಂಕಿ ಕೊಡಿ, ಪಕ್ಕದಲ್ಲೇ ಯಾವ ಪರೀಕ್ಷೆ ಎಂದು ಬರೆಯಿರಿ, ‘ಶಂಕಿತ’ ಮತ್ತು ‘ದೃಢ’ ಎಂಬ ಪದಗಳನ್ನು ಅದಲುಬದಲು ಮಾಡಬೇಡಿ. ಇಷ್ಟಾದ ಮೇಲೂ ಅಂತರ ವಿಪರೀತ ಅನಿಸಿದರೆ, ಲ್ಯಾಬಿನ ಮಾದರಿಗಳು ಎಲೈಸಾಗೆ ಹೋಗುತ್ತಿವೆಯೇ ಎಂದು ಕೇಳಿ. ಆಗ ನಿಜವಾದ ಸುದ್ದಿ ಸಿಗಬಹುದು.

ಇನ್ನು ಸಾವಿನ ಎಣಿಕೆ. 2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂಬ ಸ್ಥಳೀಯ ಎಣಿಕೆ ದಿಲ್ಲಿವರೆಗೂ ಹೋಯಿತು. ಕೋವಿಡ್ ಲಸಿಕೆಯೇ ಕಾರಣವೆಂಬ ಮಾತೂ ಸೇರಿಕೊಂಡಿತು. ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನಗಳಲ್ಲಿ ಅಂಥ ಸಂಬಂಧ ಕಂಡಿಲ್ಲವೆಂದು ಕೇಂದ್ರ ಸಚಿವಾಲಯ ಹೇಳಬೇಕಾಯಿತು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಪರಿಶೀಲಿಸಿ, ಅಸಹಜ ಏರಿಕೆ ಇಲ್ಲವೆಂದು ವರದಿ ಕೊಟ್ಟಿತು. ಅಲ್ಲಿ ಕಾಣೆಯಾಗಿದ್ದುದು ಛೇದ, ಅಂದರೆ ಒಟ್ಟು ಎಷ್ಟರಲ್ಲಿ ಇಷ್ಟು ಎಂಬ ಲೆಕ್ಕ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ವರ್ಷಕ್ಕೆ ಸಾವಿರಕ್ಕೆ 6 ಸಾವು ಎಂದು ಹಿಡಿದರೂ 40 ದಿನದಲ್ಲಿ ಎಲ್ಲ ಕಾರಣಗಳಿಂದ ಸಾವಿರಕ್ಕೂ ಹೆಚ್ಚು ಸಾವು ಆಗೇ ಆಗುತ್ತವೆ. ಆ ಪೈಕಿ 20 ಹೆಚ್ಚೋ ಕಡಿಮೆಯೋ ಎಂದು ಹೇಳಲು ಹಿಂದಿನ ವರ್ಷದ ಇದೇ ತಿಂಗಳ ಲೆಕ್ಕ ಬೇಕು. ಅದು ಕೈಗೆ ಸಿಗುವವರೆಗೆ ‘ಸರಣಿ’ ಎಂಬ ಪದ ಬಳಸಬೇಡಿ. ಒಂದೊಂದು ಸಾವನ್ನೂ ವರದಿ ಮಾಡಿ, ಎಲ್ಲವನ್ನೂ ಕೂಡಿಸಿ ಒಂದೇ ಸುದ್ದಿ ಮಾಡಬೇಡಿ.

ಜಿಲ್ಲಾ ಮಟ್ಟದ ಹಳೆಯ ಅಂಕಿಗೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಜಿಲ್ಲಾ ಹಾಳೆಗಳಿವೆ. ವಿಜಯನಗರದವರು ತಮ್ಮ ಜಿಲ್ಲೆಯ ಹಾಳೆ ಹುಡುಕಿ ಸುಸ್ತಾಗಬೇಡಿ. ಜಿಲ್ಲೆ ಹುಟ್ಟಿದ್ದು 2021ರಲ್ಲಿ, ಅಂಕಿಯೆಲ್ಲ ಬಳ್ಳಾರಿಯೊಳಗಿದೆ.

ರೋಗಿಯ ಹೆಸರು ಬರೆಯದಿದ್ದರೆ ಸಾಲದು. ‘ಇಂಥ ಗ್ರಾಮದ 34 ವರ್ಷದ ಅಂಗನವಾಡಿ ಕಾರ್ಯಕರ್ತೆ’ ಎಂದರೆ ಆ ಹಳ್ಳಿಯಲ್ಲಿ ಒಬ್ಬರೇ. ಹೋಬಳಿಗೆ ನಿಲ್ಲಿಸಿ, ವಯಸ್ಸನ್ನು ‘ಮೂವತ್ತರ ಆಸುಪಾಸು’ ಮಾಡಿ, ಕೆಲಸ ಬಿಡಿ.

ಚುನಾವಣೆ ಬಂದಾಗ

ಎಣಿಕೆಯ ದಿನ ಓದುಗರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಹೊತ್ತಿಗೆ ಗೊತ್ತಾಗುತ್ತೆ’. ವಿಧಾನಸಭಾ ಕ್ಷೇತ್ರಕ್ಕೆ ಸಾಮಾನ್ಯವಾಗಿ 14 ಮೇಜು, ಒಂದು ಸುತ್ತಿಗೆ ಮೇಜಿಗೊಂದು ಮತಗಟ್ಟೆ. 250 ಮತಗಟ್ಟೆಯಿದ್ದರೆ 18 ಸುತ್ತು. ಇದನ್ನು ಹಿಂದಿನ ದಿನವೇ ಹಾಕಿ. ಫಲಿತಾಂಶದ ನಂತರ ಮುಖ್ಯ ಚುನಾವಣಾಧಿಕಾರಿಯ ತಾಣದಲ್ಲಿ ಬರುವ ನಮೂನೆ 20ರಲ್ಲಿ ಮತಗಟ್ಟೆವಾರು ಮತಗಳಿರುತ್ತವೆ. ‘ನಮ್ಮೂರಲ್ಲಿ ಯಾರಿಗೆ ಎಷ್ಟು’ ಎಂಬ ಪುಟ ತಿಂಗಳುಗಟ್ಟಲೆ ಓಡುತ್ತದೆ.

ಎಕ್ಸಿಟ್ ಪೋಲ್‌ಗೆ ಜನಪ್ರತಿನಿಧಿ ಕಾಯ್ದೆಯ 126ಎ ಕಲಂ ಅಡ್ಡ ಇದೆ. ನಮ್ಮಲ್ಲಿ ಮತದಾನ ಮುಗಿದರೆ ಸಾಲದು, ದೇಶದ ಕೊನೆಯ ಹಂತ ಮುಗಿಯಬೇಕು. 2024ರಲ್ಲಿ ಕರ್ನಾಟಕ ಏಪ್ರಿಲ್ 26 ಮತ್ತು ಮೇ 7ರಂದು ಮತ ಹಾಕಿದರೂ ನಿಷೇಧ ತೆರವಾದದ್ದು ಜೂನ್ 1ರ ಸಂಜೆ. ಅಭ್ಯರ್ಥಿಯ ಬ್ಯಾನರ್ ಜಾಹೀರಾತು ಬಂದರೆ ಜಿಲ್ಲೆಯ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಒಪ್ಪಿಗೆ ಪತ್ರ ಕೇಳಿ, ಮೇಲೆ ‘ಜಾಹೀರಾತು’ ಎಂದು ಹಾಕಿ.

ತಾಣದ ಒಳಗೆ

ವರ್ಡ್‌ಪ್ರೆಸ್‌ನಲ್ಲಿ ಶೀರ್ಷಿಕೆ ಕನ್ನಡದಲ್ಲಿ ಕೊಟ್ಟರೆ ಸುದ್ದಿಯ ವೆಬ್ ವಿಳಾಸದ ಕೊನೆಯ ಭಾಗ, ಅಂದರೆ ಸ್ಲಗ್ ಕೂಡ ಕನ್ನಡದಲ್ಲೇ ಹುಟ್ಟುತ್ತದೆ, ಅಲ್ಲೇ ಪೇಚು. ಕನ್ನಡದ ಒಂದೊಂದು ಯುನಿಕೋಡ್ ಚಿಹ್ನೆ 3 ಬೈಟ್; ವಿಳಾಸದಲ್ಲಿ ಅದು ಹಿಗ್ಗಿ 9 ಜಾಗ ತಿನ್ನುತ್ತದೆ. ಸ್ಲಗ್‌ಗೆ ಇರುವುದು 200 ಜಾಗ, ಅಂದರೆ 22 ಚಿಹ್ನೆ. ‘ತಾಲ್ಲೂಕು’ ಎಂಬ ಪದಕ್ಕೇ 8 ಹೋಯಿತು, ‘ಆಸ್ಪತ್ರೆ’ಗೆ ಇನ್ನೊಂದು 8. ಮೂರನೇ ಪದ ನಡುವೆ ಕತ್ತರಿಸಿಹೋಗುತ್ತದೆ, ವಾಟ್ಸಾಪ್‌ನಲ್ಲಿ ಕೊಂಡಿ ಶೇಕಡಾ ಚಿಹ್ನೆಗಳ ಮೆರವಣಿಗೆಯಂತೆ ಕಾಣುತ್ತದೆ. ಪ್ರಕಟಿಸುವ ಮುನ್ನ ಸ್ಲಗ್ ಅಳಿಸಿ ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕೈದು ಪದ ಕೊಡಿ. ಪ್ರಕಟಿಸಿದ ಮೇಲೆ ಬದಲಿಸಬೇಡಿ.

ಇಲಾಖೆಗಳ ಪ್ರೆಸ್ ನೋಟ್ ಈಗಲೂ ‘ನುಡಿ’ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಆಸ್ಕಿ ಫಾಂಟಿನಲ್ಲಿ ಬರುವುದುಂಟು. ಯುನಿಕೋಡ್‌ಗೆ ಪರಿವರ್ತಿಸಿದ ಮೇಲೆ ಅರ್ಕಾವತ್ತಿನ ಪದಗಳನ್ನು (ಕಾರ್ಯಕ್ರಮ, ಅರ್ಜಿ, ಚರ್ಚೆ) ಮತ್ತು ಅಂಕಿಗಳನ್ನು ಮೂಲದೊಡನೆ ತಾಳೆ ನೋಡಿ. ‘ರ‍್ಯಾಲಿ’ಯಲ್ಲಿ ರ ಆದ ಮೇಲೆ ಕಣ್ಣಿಗೆ ಕಾಣದ ಜೋಡಕ (ZWJ ಎಂಬ ಯುನಿಕೋಡ್ ಚಿಹ್ನೆ) ಬೇಕು, ಅದು ಉದುರಿದರೆ ‘ರ್ಯಾಲಿ’ ಆಗುತ್ತದೆ, ಹುಡುಕಾಟದಲ್ಲೂ ಸಿಗುವುದಿಲ್ಲ. ಥೀಮ್‌ನ ಶೀರ್ಷಿಕೆಗೆ ಸಾಲಿನ ಎತ್ತರ 1.2 ಇದ್ದರೆ ಒತ್ತಕ್ಷರದ ಬಾಲ ಕತ್ತರಿಸುತ್ತದೆ. 1.5ಕ್ಕೆ ಏರಿಸಿ, ಪಠ್ಯಕ್ಕೆ 1.7.

ಸಮಯ ವಲಯವನ್ನು ಮೊದಲ ದಿನವೇ ಕೋಲ್ಕತ್ತಕ್ಕೆ ಹೊಂದಿಸಿ. ಹಾಗೇ ಬಿಟ್ಟರೆ ಐದೂವರೆ ಗಂಟೆ ಹಿಂದೆ ಓಡುತ್ತದೆ. ಬೆಳಗಿನ ಜಾವ 4ಕ್ಕೆ ಹಾಕಿದ ಸುದ್ದಿಗೆ ನಿನ್ನೆಯ ದಿನಾಂಕ ಬೀಳುತ್ತದೆ. ‘ಪ್ರಕಟ’, ‘ತಿದ್ದುಪಡಿ’ ಎರಡೂ ಸಮಯ ಕಾಣಲಿ, ತಿದ್ದಿದ್ದೇನೆಂದು ಕೆಳಗೆ ಒಂದು ಸಾಲು ಇರಲಿ. ಹಂಚಿಕೆಯ ಚಿತ್ರ 1200 ಪಿಕ್ಸೆಲ್ ಅಗಲ, 300 ಕೆಬಿ ಒಳಗೆ. ಸರ್ಚ್ ಎಂಜಿನ್ನಿಗೆ ಕೊಡುವ ಕೊಂಡಿಗಳ ಪಟ್ಟಿಯಾದ ನ್ಯೂಸ್ ಸೈಟ್‌ಮ್ಯಾಪ್‌ನಲ್ಲಿ ಕಳೆದ ಎರಡು ದಿನದ ಸುದ್ದಿ ಮಾತ್ರ. ಎಣಿಕೆಯ ದಿನ ಲೈವ್ ಪುಟವನ್ನು, ಪುಟದ ಹಳೆಯ ಪ್ರತಿ ಉಳಿಸಿಕೊಂಡು ತೋರಿಸುವ ಕ್ಯಾಷ್ ಪ್ಲಗಿನ್‌ನಿಂದ ಹೊರಗಿಡಿ, ಇಲ್ಲದಿದ್ದರೆ ಹನ್ನೆರಡನೇ ಸುತ್ತಿನಲ್ಲಿ ಓದುಗರಿಗೆ ಮೂರನೇ ಸುತ್ತಿನ ಅಂಕಿ ಕಾಣುತ್ತಿರುತ್ತದೆ.

2021ರ ಐಟಿ ನಿಯಮಗಳ ಪ್ರಕಾರ ಡಿಜಿಟಲ್ ಸುದ್ದಿ ಪ್ರಕಾಶಕರು ತಾಣ ಶುರುವಾದ 30 ದಿನದೊಳಗೆ ಮಾಹಿತಿ ಮತ್ತು ಪ್ರಸಾರ ಸಚಿವಾಲಯಕ್ಕೆ ವಿವರ ಸಲ್ಲಿಸಬೇಕು. ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ತಾಣದಲ್ಲೇ ಕಾಣಬೇಕು. ದೂರು ಬಂದ 24 ಗಂಟೆಯಲ್ಲಿ ಸ್ವೀಕೃತಿ, 15 ದಿನದಲ್ಲಿ ತೀರ್ಮಾನ. ದೂರಿಗೆ ಬೇರೆಯದೇ ಇಮೇಲ್ ವಿಳಾಸ ಇಡಿ. ಸಂಪಾದಕರ ಸ್ವಂತ ಇನ್‌ಬಾಕ್ಸಿಗೆ ಬಂದ ದೂರು ಮದುವೆ ಆಮಂತ್ರಣಗಳ ನಡುವೆ ಕಳೆದುಹೋಗಿ 24 ಗಂಟೆ ದಾಟುತ್ತದೆ.