ಸಣ್ಣ ಗಾಳಿಗೆ ಓಡುವ ಕ್ಯಾಟಮರಾನ್: ಹಾರಂಗಿ ಹಿನ್ನೀರಿನಲ್ಲಿ ನನ್ನ ಅನುಭವ

ಹಾಯಿದೋಣಿ ಅಂದ ಕೂಡಲೇ ಎಲ್ಲರೂ ಕೇಳುವುದು ಜೋರು ಗಾಳಿಯ ಕಥೆ. ನನಗೆ ಮೈ ಜುಮ್ಮೆನ್ನುವುದು ಗಾಳಿ ಇದೆಯೋ ಇಲ್ಲವೋ ಎನ್ನುವಂಥ ಹೊತ್ತಿನಲ್ಲಿ. ಜೋರು ಗಾಳಿ ದೋಣಿಯನ್ನು ತಾನೇ ಎಳೆದುಕೊಂಡು ಹೋಗುತ್ತದೆ. ಸಣ್ಣ ಗಾಳಿಯಲ್ಲಿ ವೇಗವನ್ನು ನಾವು ಹುಟ್ಟಿಸಬೇಕು, ಹುಟ್ಟಿದ್ದನ್ನು ಕಾಪಾಡಿಕೊಳ್ಳಬೇಕು.

ನನ್ನ ದೋಣಿ ಹೋಬಿ 16 ಎಂಬ ಕ್ಯಾಟಮರಾನ್, ಅಂದರೆ ಜೋಡಿ ಒಡಲಿನ ಹಾಯಿದೋಣಿ. ಅಮೆರಿಕದ ಹೋಬಿ ಆಲ್ಟರ್ ರೂಪಿಸಿದ್ದು. ಬಾಳೆಹಣ್ಣಿನ ಹಾಗೆ ಬಾಗಿದ ಎರಡು ಒಡಲು, ನಡುವೆ ಕೂರಲು ಬಿಗಿದ ಬಟ್ಟೆಯ ಟ್ರ್ಯಾಂಪೊಲಿನ್, ಉದ್ದ 5.05 ಮೀಟರ್, ಅಗಲ 2.41 ಮೀಟರ್, ತೂಕ 145 ಕೆ.ಜಿ. ದೊಡ್ಡ ಹಾಯಿ ಮತ್ತು ಮುಂದಿನ ಸಣ್ಣ ಹಾಯಿ ಜಿಬ್ ಸೇರಿ ಸುಮಾರು 20 ಚದರ ಮೀಟರ್ ಬಟ್ಟೆ. ಚುಕ್ಕಾಣಿ ನನ್ನ ಕೈಯಲ್ಲಿ, ಜಿಬ್‌ನ ಹಗ್ಗ ತಂಗಿ ಮಗಳ ಕೈಯಲ್ಲಿ. ಕಲಿತದ್ದು ಚೆನ್ನೈನ ಕಡಲಲ್ಲಿ. ಈಗ ಅನುಮತಿ ಪಡೆದು, ಲೈಫ್ ಜಾಕೆಟ್ ತೊಟ್ಟು ಹಾರಂಗಿ ಹಿನ್ನೀರಿಗೆ ಇಳಿಯುತ್ತೇವೆ.

ಮುಂಗಾರಿನ ಪಡುವಣ ಗಾಳಿ ಹೊತ್ತಿನಲ್ಲಿ ದೋಣಿ ಶೆಡ್ಡಿನಲ್ಲೇ ಇರುತ್ತದೆ. ನಮ್ಮ ಕಾಲ ಹುತ್ತರಿ ಕಳೆದ ಮೇಲೆ. ರಾತ್ರಿಯೆಲ್ಲ ಬೆಟ್ಟದಿಂದ ತಣ್ಣನೆಯ ಗಾಳಿ ಕಣಿವೆಗೆ ಇಳಿದಿರುತ್ತದೆ. ಮಂಜು ಕರಗುವ ಹೊತ್ತಿಗೆ ಅದು ನಿಂತು ನೀರು ಕನ್ನಡಿಯಾಗುತ್ತದೆ. ಬಿಸಿಲೇರಿ ಬೆಟ್ಟದ ಮೈ ಕಾದಂತೆ ಗಾಳಿ ತಿರುಗಿ ಮೇಲಕ್ಕೆ ಹತ್ತತೊಡಗುತ್ತದೆ. ಆ ಮೊದಲ ಎಳೆಗಳನ್ನು ಹಿಡಿಯುವುದಕ್ಕೇ ನಾವು ಕಾಯುವುದು. ತೋಟದಂಚಿನ ಸಿಲ್ವರ್ ಓಕ್‌ಗಳು ಇದಕ್ಕೆ ಬಹಳ ಉಪಕಾರಿ. ಎಲೆಯ ತಳಭಾಗ ಬಿಳಿಯಾದ್ದರಿಂದ, ಗಾಳಿ ತಾಗಿದ ಮರ ದೂರಕ್ಕೇ ಬೆಳ್ಳಗೆ ಮಿನುಗುತ್ತದೆ. ಆಮೇಲೆ ನೀರಿನ ಮೇಲೆ ಕಪ್ಪು ಛಾಯೆಯಂತೆ ಸಣ್ಣ ಸುಕ್ಕು ಸರಿದು ಬರುತ್ತದೆ. "ಮಾವ, ಬಲಗಡೆ ಬಂತು" ಅನ್ನುತ್ತಾಳೆ ಅವಳು. ನನಗಿಂತ ಅವಳ ಕಣ್ಣು ಚುರುಕು.

ಈಗ ಕೂರುವ ವಿಚಾರ. ಅರ್ಧ ಕೆಲಸ ಇದರಲ್ಲೇ ಇದೆ. ಸಣ್ಣ ಗಾಳಿಯಲ್ಲಿ ದೋಣಿಯನ್ನು ಹಿಡಿದು ನಿಲ್ಲಿಸುವುದು ಒಡಲಿಗೆ ಅಂಟುವ ನೀರು. ಎಷ್ಟು ಮೈ ನೆನೆದಿದೆಯೋ ಅಷ್ಟು ಎಳೆತ. ಆದ್ದರಿಂದ ಅವಳು ಗಾಳಿಮರೆ ಬದಿಯ ಒಡಲಿನ ಮೇಲೆ, ಹಾಯಿಕಂಬಕ್ಕಿಂತ ಮುಂದೆ, ಬೋರಲು ಮಲಗುತ್ತಾಳೆ. ನಾನೂ ಮುಂದಿನ ಅಡ್ಡಪಟ್ಟಿಯವರೆಗೆ ಸರಿದು ಕೂರುತ್ತೇನೆ. ಹೋಬಿ 16ರ ಹಿಂಬದಿ ನೀರಿನಿಂದ ಮೇಲೇಳಬೇಕು, ಗಾಳಿ ಬದಿಯ ಒಡಲು ಹಗುರಾಗಬೇಕು. ಸರಿಯಾಯಿತೋ ಇಲ್ಲವೋ ಎಂದು ತಿರುಗಿ ನೋಡಬೇಕಾಗಿಲ್ಲ, ಕೇಳಿಸಿಕೊಂಡರೆ ಸಾಕು: ಹಿಂದಿನಿಂದ ಬುಳುಬುಳು ಸದ್ದು ಬರುತ್ತಿದ್ದರೆ ಇನ್ನೂ ಮುಂದಕ್ಕೆ ಸರಿಯಬೇಕು.

ಕೂತ ಮೇಲೆ ಅಲುಗಾಡಬಾರದು. ಒಬ್ಬರು ದಡಕ್ಕನೆ ಎದ್ದರೆ ಕಂಬ ಓಲಾಡುತ್ತದೆ, ಹಾಯಿಯ ಮೈಗೆ ಹತ್ತಿದ್ದ ಗಾಳಿ ಕಳಚಿ ಬೀಳುತ್ತದೆ, ಮತ್ತೆ ಮೊದಲಿನಿಂದ ಶುರು.

ಹಾಯಿಯನ್ನು ಬಿಗಿದು ಕಟ್ಟುವ ಆಸೆ ಬರುವುದು ಸಹಜ, ಆದರೆ ಬಿಗಿದರೆ ಉಸಿರು ಕಟ್ಟಿದಂತಾಗುತ್ತದೆ. ದೊಡ್ಡ ಹಾಯಿಯ ಮುಂದಂಚನ್ನು ಕೆಳಕ್ಕೆ ಬಿಗಿಯುವ ಹಗ್ಗ, ಡೌನ್‌ಹಾಲ್, ಸಡಿಲ ಬಿಟ್ಟು, ಮುಖ್ಯ ಹಗ್ಗವನ್ನು ಬೆರಳಲ್ಲಿ ಹಿಡಿಯುವಷ್ಟೇ ಎಳೆದು, ಹಾಯಿಯ ಮೇಲ್ಭಾಗ ಸ್ವಲ್ಪ ತೆರೆದುಕೊಳ್ಳುವಂತೆ ಇಡುತ್ತೇನೆ. ಜಿಬ್‌ಗೆ ಅಂಟಿಸಿದ ಉಣ್ಣೆಯ ಎಳೆಗಳು ಎರಡೂ ಬದಿಯಲ್ಲಿ ಹಿಂದಕ್ಕೆ ನೇರ ಹರಿಯುತ್ತಿದ್ದರೆ ಎಲ್ಲ ಸರಿಯಿದೆ ಎಂದರ್ಥ. ಟ್ಯಾಕ್ ಮಾಡುವಾಗ, ಅಂದರೆ ಮೂತಿಯನ್ನು ಎದುರುಗಾಳಿ ದಾಟಿಸಿ ದೋಣಿಯನ್ನು ಇನ್ನೊಂದು ಬದಿಗೆ ಹೊರಳಿಸುವಾಗ, ಚುಕ್ಕಾಣಿಯನ್ನು ಒಮ್ಮೆಲೇ ತಿರುಗಿಸಿದರೆ ಅದೇ ಬ್ರೇಕ್ ಆಗಿಬಿಡುತ್ತದೆ. ನಿಧಾನಕ್ಕೆ ತಿರುಗಿಸಿ, ಮೂತಿ ಗಾಳಿ ದಾಟುವವರೆಗೆ ಜಿಬ್ ಅನ್ನು ಹಳೆಯ ಬದಿಯಲ್ಲೇ ತಡೆದು ಹಿಡಿಯಬೇಕು. ಅದು ಮೂತಿಯನ್ನು ಆಚೆಗೆ ತಳ್ಳಿಕೊಡುತ್ತದೆ. ತಿರುಗಿದ ಮೇಲೂ ದೊಡ್ಡ ಹಾಯಿಗೆ ಆಕಾರ ಕೊಡಲು ಅಡ್ಡಲಾಗಿ ತೂರಿಸಿದ ಬ್ಯಾಟನ್ ಪಟ್ಟಿಗಳು ಹಳೆಯ ಬಾಗಿನಲ್ಲೇ ಉಳಿಯುತ್ತವೆ. ಹಾಯಿಯ ಕೆಳಂಚಿನ ಅಡ್ಡಕೋಲು ಬೂಮ್ ಹಿಡಿದು ಒಂದು ಸಣ್ಣ ಜಗ್ಗು ಕೊಟ್ಟರೆ ಪಟಪಟನೆ ಒಂದರ ಹಿಂದೊಂದು ಮಗುಚುತ್ತವೆ. ಈ ಸದ್ದು ನನಗೆ ಬಹಳ ಇಷ್ಟ.

ವೇಗ ಹುಟ್ಟುವುದು ಹೀಗೆ. ಗಾಳಿಗೆ ಅಡ್ಡವಾಗಿ ದೋಣಿಯನ್ನು ಬಿಡುತ್ತೇನೆ. ಗಾಳಿ 5 ನಾಟ್, ಅಂದರೆ ಗಂಟೆಗೆ ಸುಮಾರು 9 ಕಿ.ಮೀ. ದೋಣಿ ಓಡತೊಡಗಿದಂತೆ ಅದರ ಓಟದ ಗಾಳಿಯೂ ಹೊರಗಿನ ಗಾಳಿಗೆ ಸೇರಿಕೊಳ್ಳುತ್ತದೆ. ದೋಣಿಯೂ 5 ನಾಟ್ ಮುಟ್ಟಿತು ಅನ್ನಿ, ಆಗ ಹಾಯಿಗೆ ಸಿಗುವುದು 7 ನಾಟ್ ಗಾಳಿ, ಅದೂ ಪಕ್ಕದಿಂದಲ್ಲ, 45 ಡಿಗ್ರಿ ಮುಂದಿನಿಂದ. ಅದಕ್ಕೆ ತಕ್ಕಂತೆ ಹಾಯಿಯನ್ನು ಒಳಕ್ಕೆಳೆದರೆ ದೋಣಿ ಇನ್ನಷ್ಟು ಓಡುತ್ತದೆ. ನೀರಿನ ಮೇಲೆ ಒಂದು ತರಗೆಲೆ ಅಲುಗದೆ ಕೂತಿರುತ್ತದೆ, ನಮ್ಮ ಕಿವಿಯಲ್ಲಿ ಮಾತ್ರ ಗಾಳಿ ಸುಯ್ಯೆನ್ನುತ್ತಿರುತ್ತದೆ! ಚುಕ್ಕಾಣಿಯ ಹಿಡಿ ಬೆರಳಡಿಯಲ್ಲಿ ಸಣ್ಣಗೆ ನಡುಗುತ್ತದೆ. ಇಂಜಿನ್ ದೋಣಿ ಎಷ್ಟೇ ಓಡಿದರೂ ನನಗೆ ಈ ಸುಖ ಕೊಟ್ಟಿಲ್ಲ.

ಇದೇ ಕಾರಣಕ್ಕೆ ಗಾಳಿ ಹೋಗುವ ದಿಕ್ಕಿಗೇ ಹೋಗಬೇಕಾದಾಗಲೂ ನೇರವಾಗಿ ಹೋಗುವುದಿಲ್ಲ. ನೇರ ಹೋದರೆ ಓಟ ಹೆಚ್ಚಿದಷ್ಟೂ ಹಾಯಿಗೆ ಸಿಗುವ ಗಾಳಿ ಕಡಿಮೆಯಾಗುತ್ತದೆ. ಓರೆಯಾಗಿ ಆಚೆ ಈಚೆ ಜೈಬ್ ಮಾಡುತ್ತಾ, ಅಂದರೆ ಹಿಂಬದಿಯನ್ನು ಗಾಳಿ ದಾಟಿಸಿ ಹೊರಳಿಸುತ್ತಾ, ಹೋದರೆ ದಾರಿ ಉದ್ದವಾದರೂ ಬೇಗ ಮುಟ್ಟುತ್ತೇವೆ.

ಇಲ್ಲಿಗೆ ದೋಣಿ ತರಬೇಕೆನ್ನುವವರಿಗೆ ಎರಡು ಮಾತು. ಬೇಸಿಗೆಯಲ್ಲಿ ನೀರಿಳಿದಾಗ ದಡದ ಹತ್ತಿರ ಮರದ ಬೊಡ್ಡೆಗಳು ತಲೆ ಎತ್ತುತ್ತವೆ. ಹೋಬಿಯ ಚುಕ್ಕಾಣಿ ತಾಗಿದರೆ ಮೇಲಕ್ಕೆ ಮಡಚಿಕೊಳ್ಳುತ್ತದೆ, ಒಡಲು ಮಡಚಿಕೊಳ್ಳುವುದಿಲ್ಲ. ಇನ್ನು ಕಂಬ 8 ಮೀಟರ್ ಎತ್ತರದ್ದು, ಬಹುಪಾಲು ಅಲ್ಯೂಮಿನಿಯಂ. ನಿಲ್ಲಿಸುವ ಮೊದಲು ತಲೆಯ ಮೇಲೆ ಕರೆಂಟಿನ ತಂತಿ ಇಲ್ಲವೆಂದು ನೋಡಿಕೊಳ್ಳಲೇಬೇಕು. ತೋಟದ ದಾರಿಗಳಲ್ಲಿ ತಂತಿಗಳು ತೀರಾ ಕೆಳಗೆ ಜೋತಿರುತ್ತವೆ.

145 ಕೆ.ಜಿ.ಯ ದೋಣಿಯೇ ಇಷ್ಟು ಸಣ್ಣ ಗಾಳಿಗೆ ಓಗೊಡುತ್ತದೆ. ಒಬ್ಬರೇ ಓಡಿಸುವ ಎ-ಕ್ಲಾಸ್ ಕ್ಯಾಟಮರಾನ್‌ನ ಕನಿಷ್ಠ ತೂಕ 75 ಕೆ.ಜಿ., ಉದ್ದ 5.49 ಮೀಟರ್. ಅಂಥದ್ದೊಂದನ್ನು ಹಾರಂಗಿಗೆ ತರುವ ಆಸೆ ಇದೆ. ತಂದರೆ ಮೊದಲ ಸರದಿ ತನ್ನದೇ ಎಂದು ತಂಗಿ ಮಗಳು ಈಗಾಗಲೇ ಮಾತು ತೆಗೆದುಕೊಂಡಿದ್ದಾಳೆ.